ಸಮಾಜವಾದ ಪುಸ್ತಕದಲ್ಲಿ ಮಾತ್ರ ಚೆಂದವೇ?

ಪ್ರಶ್ನೆ: ನಾನು ಮುಧೋಳ ಕಡೆಯ ಹುಡುಗಿ. ಬಿ.ಎ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮಜ್ಜ ಲಾವಣಿ (ಗೇಣಿ) ಹೊಲ ಮಾಡುತ್ತಿದ್ದವರು. ಭೂಸುಧಾರಣೆ ಕಾಯ್ದೆಯಲ್ಲಿ ಹೊಲ ಅವರದಾಯಿತು. ಸಾಯುವವರೆಗೂ ತಾನು ಸಮಾಜವಾದಿ ಅಂತಲೇ ಹೇಳಿಕೊಂಡರು. ಅಪ್ಪ ಸಹಕಾರಿ ಸಕ್ಕರೆ ಕಾರ್ಖಾನೆಯ ಶೇರುದಾರರು. ಕಬ್ಬಿನ ಬಿಲ್ ತಡವಾದಾಗಲೆಲ್ಲ "ಎಲ್ಲಾರದೂ ಅಂದ್ರ ಯಾರದೂ ಅಲ್ಲ" ಅಂತ ಬೈಯುತ್ತಾರೆ. ಕೋಚಿಂಗ್ ಕ್ಲಾಸಿನಲ್ಲಿ "ಸಮಾಜವಾದ ಥಿಯರಿಯಲ್ಲಿ ಒಳ್ಳೆಯದು, ಮನುಷ್ಯ ಸ್ವಾರ್ಥಿಯಾದ್ದರಿಂದ ನಡೆಯುವುದಿಲ್ಲ ಅಂತ ಬರೆಯಿರಿ" ಅನ್ನುತ್ತಾರೆ. ಅಷ್ಟೇನಾ ಸರ್?

ಉತ್ತರ: ಹಾಗೆ ಬರೆದರೆ ಅಂಕ ಬರಬಹುದು ತಂಗೀ. ಆದರೆ ಆ ಉತ್ತರ ಎರಡೂ ಕಡೆ ಎಡವುತ್ತದೆ. ಥಿಯರಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ, ಅದರೊಳಗೇ ದೊಡ್ಡ ತೂತು ಇತ್ತು. ಇನ್ನು ನಡೆಯುವುದೇ ಇಲ್ಲ ಅನ್ನುವುದೂ ಸುಳ್ಳು. ನೀವು ಜಮಖಂಡಿ ದಾಟಿ ಚಿಕ್ಕಪಡಸಲಗಿ ಕಡೆ ಹೋದರೆ, ಅದು ನಡೆದದ್ದಕ್ಕೆ ಸಾಕ್ಷಿ ಕೃಷ್ಣಾ ನದಿಗೆ ಅಡ್ಡವಾಗಿ ನಿಂತಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಸ್ವಾರ್ಥದ ಮಾತನ್ನು ಮೊದಲು ಮುಗಿಸಿಬಿಡೋಣ. ಮನುಷ್ಯ ಸ್ವಾರ್ಥಿ, ಹೌದು. ಆದರೆ ಎಪಿಎಂಸಿಯಲ್ಲೂ ಅದೇ ಮನುಷ್ಯ, ಸೊಸೈಟಿಯಲ್ಲೂ ಅದೇ ಮನುಷ್ಯ. ನಿಮ್ಮೂರ ಹಾಲಿನ ಡೇರಿಯನ್ನೇ ನೋಡಿ. ಹಾಲು ಹಾಕುವವರೇ ಅದರ ಸದಸ್ಯರು. ಎಮ್ಮೆ ಕಟ್ಟಿದವರೆಲ್ಲ ಸಂತರೇನಲ್ಲ, ನೀರು ಬೆರೆಸುವವರೂ ಇರುತ್ತಾರೆ. ಅದಕ್ಕೇ ಪ್ರತಿಯೊಬ್ಬರ ಹಾಲಿನ ಫ್ಯಾಟ್ ನೋಡುತ್ತಾರೆ, ಫ್ಯಾಟ್ ನೋಡಿ ರೇಟು ಕೊಡುತ್ತಾರೆ. ಯಾರನ್ನೂ ಒಳ್ಳೆಯವರನ್ನಾಗಿ ಮಾಡುವ ಗೋಜಿಗೆ ಹೋಗದೆ ಡೇರಿ ನಡೆಯುತ್ತದೆ. ಸ್ವಾರ್ಥ ಇದ್ದರೂ ನಡೆಯುವ ಹಾಗೆ ಕಟ್ಟಬಹುದು, ಕಟ್ಟಿದ್ದಾರೆ. ಹಾಗಾಗಿ ಎಡವಟ್ಟು ಎಲ್ಲಿ ಆಗುತ್ತದೆ ಅಂತ ಬೇರೆ ಕಡೆ ಹುಡುಕಬೇಕು.

ಇನ್ನೊಂದು ಗೊಂದಲವನ್ನೂ ಸರಿಸಿಬಿಡುತ್ತೇನೆ. ರೇಷನ್ ಅಕ್ಕಿ, ಉಚಿತ ಬಸ್ಸು, ವೃದ್ಧಾಪ್ಯ ವೇತನ ಇವು ಸಮಾಜವಾದ ಅಲ್ಲ. ತೆರಿಗೆ ಎತ್ತಿ ಹಂಚುವುದು ಅಷ್ಟೇ. ಸ್ವೀಡನ್, ಡೆನ್ಮಾರ್ಕ್ ಅಂತ ಉದಾಹರಣೆ ಕೊಡುವವರು ಅಲ್ಲಿನ ಕಾರ್ಖಾನೆಗಳು ಬಹುಪಾಲು ಖಾಸಗಿಯವರ ಕೈಯಲ್ಲಿವೆ ಅನ್ನುವುದನ್ನು ಮರೆಯುತ್ತಾರೆ. ಸಮಾಜವಾದದ ಪ್ರಶ್ನೆ ಒಡೆತನದ್ದು. ಭೂಮಿ, ಕಾರ್ಖಾನೆ, ಬ್ಯಾಂಕು ಯಾರವು, ಅವನ್ನು ನಡೆಸುವವರು ಯಾರು ಅನ್ನುವುದು. ಹಾಗೆ ನೋಡಿದರೆ ನಿಮ್ಮಜ್ಜನಿಗೆ ಸಿಕ್ಕಿದ್ದೂ ಸಮಾಜವಾದ ಅಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ದೇವರಾಜ ಅರಸರ ಕಾಲದ ತಿದ್ದುಪಡಿ ಗೇಣಿದಾರರನ್ನು ಮಾಲೀಕರನ್ನಾಗಿ ಮಾಡಿತು. ಒಬ್ಬ ದೊಡ್ಡ ಒಡೆಯನ ಜಾಗದಲ್ಲಿ ಹತ್ತು ಸಣ್ಣ ಒಡೆಯರು ಬಂದರು. ಅದು ದೊಡ್ಡ ಕೆಲಸ, ನಮ್ಮ ರಾಜ್ಯದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಕಮ್ಮಿ ಆಗಿವೆ. ಆದರೆ ಅದು ಖಾಸಗಿ ಆಸ್ತಿಯನ್ನು ಅಳಿಸಲಿಲ್ಲ, ಹರಡಿತು. ಅಜ್ಜ ಸಮಾಜವಾದಿ ಅಂತ ಹೇಳಿಕೊಂಡದ್ದು ತಪ್ಪೇನಲ್ಲ. ಸಮಾಜವಾದಿ ಚಳವಳಿಯ ಜನರೇ ಭೂಸುಧಾರಣೆಯ ಬೇಡಿಕೆಯನ್ನು ಮುಂದೆ ತಂದದ್ದು.

ಈಗ ತೂತಿನ ಮಾತು.

ಕಾರ್ಲ್ ಮಾರ್ಕ್ಸ್ ಆಯುಷ್ಯವೆಲ್ಲ ಬಂಡವಾಳಶಾಹಿ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಬರೆದರು. ಅದು ಹೋದ ಮೇಲೆ ಬರುವ ಸಮಾಜದಲ್ಲಿ ಯಾವ ಕಾರ್ಖಾನೆ ಏನು ಮಾಡಬೇಕು, ಎಷ್ಟು ಮಾಡಬೇಕು, ಯಾರು ಹೇಳಬೇಕು ಅನ್ನುವುದರ ಬಗ್ಗೆ ಬರೆದದ್ದು ತೀರಾ ಕಡಿಮೆ. ಇಡೀ ಸಮಾಜ ಒಂದೇ ಆಫೀಸು, ಒಂದೇ ಕಾರ್ಖಾನೆಯ ಹಾಗೆ ಆಗುತ್ತದೆ ಅಂತ ಲೆನಿನ್ 1917ರಲ್ಲಿ ಬರೆದರು. ಮೂರು ವರ್ಷದ ನಂತರ, 1920ರಲ್ಲಿ, ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ವಾನ್ ಮೀಸಸ್ ಒಂದು ಪ್ರಶ್ನೆ ಎತ್ತಿದರು. ಯಂತ್ರ, ಭೂಮಿ, ಕಬ್ಬಿಣ ಎಲ್ಲ ಸರ್ಕಾರದ್ದೇ ಆದರೆ ಅವನ್ನು ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಕೊಳ್ಳುವ ಮಾರುವ ವ್ಯವಹಾರ ಇಲ್ಲದಿದ್ದರೆ ಬೆಲೆ ಹುಟ್ಟುವುದಿಲ್ಲ. ಬೆಲೆ ಇಲ್ಲದಿದ್ದರೆ ಯಾವುದು ದುಬಾರಿ ಯಾವುದು ಅಗ್ಗ ಅಂತ ಹೇಗೆ ಗೊತ್ತಾಗಬೇಕು? ಅದೇ ದೇಶದ ಇನ್ನೊಬ್ಬರು, ಫ್ರೆಡ್ರಿಕ್ ಹಾಯೆಕ್, 1945ರಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಆರ್ಥಿಕತೆ ನಡೆಸಲು ಬೇಕಾದ ತಿಳಿವಳಿಕೆ ಒಂದು ಜಾಗದಲ್ಲಿ ಇರುವುದೇ ಇಲ್ಲ, ಲಕ್ಷಾಂತರ ಜನರ ತಲೆಯಲ್ಲಿ ಚೂರುಚೂರಾಗಿ ಇರುತ್ತದೆ ಅಂದರು.

ಇದು ನಿಮ್ಮ ಅಪ್ಪನಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಯಾವ ಹೊಲದಲ್ಲಿ ಕಬ್ಬು ತೂಗುತ್ತದೆ, ಯಾವ ಕಾಲುವೆಯ ಕೊನೆಗೆ ನೀರು ಮುಟ್ಟುವುದಿಲ್ಲ, ಎಲ್ಲಿ ಸವಳು ಜವಳು (ಉಪ್ಪು, ತೇವ) ಏಳುತ್ತಿದೆ ಅನ್ನುವುದು ಅವರ ಕಾಲಿಗೆ ಗೊತ್ತು. ಬೆಂಗಳೂರಿನ ಫೈಲಿಗೆ ಗೊತ್ತಿಲ್ಲ, ದಿಲ್ಲಿಯ ಫೈಲಿಗಂತೂ ಇಲ್ಲವೇ ಇಲ್ಲ.

ಸೋವಿಯತ್ ಒಕ್ಕೂಟದಲ್ಲಿ ಆದದ್ದು ಇದೇ. ಗಾಸ್‌ಪ್ಲಾನ್ ಅನ್ನುವ ಯೋಜನಾ ಕಚೇರಿ ಮಾಸ್ಕೋದಲ್ಲಿ ಕೂತು ಗುರಿ ಹಾಕುತ್ತಿತ್ತು. ಗುರಿಯನ್ನು ಟನ್ ಲೆಕ್ಕದಲ್ಲಿ ಕೊಟ್ಟರೆ ಕಾರ್ಖಾನೆಗಳು ಭಾರದ ಮಾಲು ಮಾಡುತ್ತಿದ್ದವು. ತೂಗುದೀಪ ಮಾಡುವ ಕಾರ್ಖಾನೆಯವರು ತೂಕದ ಗುರಿ ಮುಟ್ಟಲು ಸುಮ್ನೆ ಭಾರ ಹೆಚ್ಚಿಸುತ್ತಾರೆ ಅಂತ ದೇಶದ ನಾಯಕ ಕ್ರುಶ್ಚೇವ್ ಅವರೇ ಬಹಿರಂಗವಾಗಿ ದೂರಿದ್ದರು. ಹೊಲಗಳನ್ನೆಲ್ಲ ಸಾಮೂಹಿಕ ಮಾಡಿದ ಮೇಲೆ ಮನೆಯ ಹಿತ್ತಲಲ್ಲಿ ಒಂದಿಷ್ಟು ಜಾಗವನ್ನು ರೈತರಿಗೆ ಸ್ವಂತಕ್ಕೆ ಬಿಟ್ಟಿದ್ದರು. ಒಟ್ಟು ಬಿತ್ತನೆ ಭೂಮಿಯಲ್ಲಿ ಅದು ಶೇಕಡಾ 3ರ ಆಸುಪಾಸು. ದೇಶದ ಕೃಷಿ ಉತ್ಪನ್ನದ ಸುಮಾರು ಕಾಲು ಭಾಗ ಆ ಹಿತ್ತಲುಗಳಿಂದ ಬರುತ್ತಿತ್ತು. ಅದೇ ರೈತರು, ಅದೇ ಕೈಗಳು.

ಚೀನಾದ ಕಥೆ ಇದಕ್ಕಿಂತ ಘೋರ. 1958ರಿಂದ ಮಾವೋ ನಡೆಸಿದ 'ಮಹಾ ಜಿಗಿತ'ದಲ್ಲಿ ಊರ ಅಧಿಕಾರಿಗಳು ಮೇಲಿನವರನ್ನು ಖುಷಿಪಡಿಸಲು ಬೆಳೆಯ ಅಂಕಿಯನ್ನು ಉಬ್ಬಿಸಿ ಬರೆದರು. ಆ ಸುಳ್ಳು ಅಂಕಿಯ ಮೇಲೆ ಸರ್ಕಾರ ಧಾನ್ಯ ಎತ್ತಿಕೊಂಡು ಹೋಯಿತು. ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಇಲ್ಲಿ ಕೆಟ್ಟದ್ದು ಬರೀ ಲೆಕ್ಕ ಅಲ್ಲ. 'ಈ ಅಂಕಿ ಸುಳ್ಳು' ಅಂತ ಹೇಳಿ ಬದುಕಿ ಉಳಿಯುವ ದಾರಿ ಯಾರಿಗೂ ಇರಲಿಲ್ಲ. ಪತ್ರಿಕೆ ಇಲ್ಲ, ವಿರೋಧ ಪಕ್ಷ ಇಲ್ಲ, ಚುನಾವಣೆ ಇಲ್ಲ. 1978ರ ಚಳಿಗಾಲದಲ್ಲಿ ಅನ್ಹುಯಿ ಪ್ರಾಂತ್ಯದ ಶಿಯಾವೊಗಾಂಗ್ ಅನ್ನುವ ಹಳ್ಳಿಯ 18 ಮಂದಿ ರೈತರು ಗುಟ್ಟಾಗಿ ಒಂದು ಕಾಗದಕ್ಕೆ ಸಹಿ ಹಾಕಿ ಸಾಮೂಹಿಕ ಹೊಲವನ್ನು ಮನೆಮನೆಗೆ ಹಂಚಿಕೊಂಡರು. ಸಿಕ್ಕಿಬಿದ್ದು ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು ಉಳಿದವರು ಸಾಕಬೇಕು ಅಂತಲೂ ಅದರಲ್ಲಿ ಬರೆದಿತ್ತು. ಬೆಳೆ ಒಮ್ಮೆಗೇ ಏರಿತು. ಮುಂದೆ ಡೆಂಗ್ ಶಿಯಾವೊಪಿಂಗ್ ಅದನ್ನೇ ದೇಶಕ್ಕೆಲ್ಲ ಹಬ್ಬಿಸಿದರು.

ಅಷ್ಟು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. 1928ರಲ್ಲಿ ಪಂಚವಾರ್ಷಿಕ ಯೋಜನೆ ಶುರುಮಾಡಿದ ಅದೇ ಸೋವಿಯತ್ ದೇಶ ಹದಿಮೂರು ವರ್ಷದಲ್ಲಿ ಹಿಟ್ಲರನ ಸೈನ್ಯಕ್ಕೆ ಎದುರು ನಿಲ್ಲುವಷ್ಟು ಉಕ್ಕು, ಟ್ಯಾಂಕು ಮಾಡಿತ್ತು. 1961ರಲ್ಲಿ ಗಗಾರಿನ್ ಅವರನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಅಕ್ಷರ, ಆಸ್ಪತ್ರೆ ಹಳ್ಳಿಹಳ್ಳಿಗೆ ಮುಟ್ಟಿಸಿತು. ಅದರ ನಡುವೆಯೇ 1932-33ರ ಬರಗಾಲದಲ್ಲಿ ಉಕ್ರೇನ್, ಕಜಕಸ್ತಾನದಲ್ಲಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿತು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ನನಗೆ ಕಾಣುವುದು ಇಷ್ಟು. ಗುರಿ ಒಂದೇ ಇದ್ದು, ಎಲ್ಲರ ಕಣ್ಣಿಗೂ ಕಾಣುವಂತಿದ್ದರೆ ಮೇಲಿನ ಹುಕುಂ ಕೆಲಸ ಮಾಡುತ್ತದೆ. ಒಂದು ರಾಕೆಟ್ಟು, ಒಂದು ಅಣೆಕಟ್ಟು, ಒಂದು ಯುದ್ಧ. ಚಪ್ಪಲಿ, ಸೋಪು, ಟೊಮೆಟೊ, ಮಕ್ಕಳ ಅಂಗಿ ಅಂತ ಲಕ್ಷ ಬಗೆ ಬೇಕಾದಾಗ, ಬೇಕು ಬೇಡಗಳು ದಿನಕ್ಕೊಂದಾಗಿ ಬದಲಾದಾಗ ಅದು ಕುಸಿಯುತ್ತದೆ.

ಈಗ ಚಿಕ್ಕಪಡಸಲಗಿಗೆ ಬರೋಣ. ಮಳೆಗಾಲದಲ್ಲಿ ಕೃಷ್ಣಾ ತುಂಬಿ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಮೋಟರಿನ ಪೈಪು ಉಸುಕಿನಲ್ಲಿ ಬಾಯಿ ತೆರೆದು ನಿಲ್ಲುತ್ತಿತ್ತು. ಬ್ಯಾರೇಜ್ ಕಟ್ಟಿಕೊಡಿ ಅಂತ ಸರ್ಕಾರವನ್ನು ಕೇಳಿ ಕೇಳಿ ಸಾಕಾದ ರೈತರು ತಾವೇ ಕಟ್ಟಿದರು. ಸಿದ್ದು ನ್ಯಾಮಗೌಡರು ಮುಂದೆ ನಿಂತರು. ರೈತರು ರೊಕ್ಕ ಕೂಡಿಸಿದರು, ಮೈಮುರಿದು ದುಡಿದರು. 1989ರಲ್ಲಿ ಬ್ಯಾರೇಜ್ ಮುಗಿಯಿತು. ಹೆಸರು 'ಶ್ರಮಬಿಂದು ಸಾಗರ'. ಎರಡು ವರ್ಷಕ್ಕೆ, 1991ರ ಲೋಕಸಭೆ ಚುನಾವಣೆಯಲ್ಲಿ, 'ಬ್ಯಾರೇಜ್ ಸಿದ್ದು' ಅಂತ ಹೆಸರಾದ ಅವರು ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆ ಅವರನ್ನು ಸೋಲಿಸಿದರು.

ಅರ್ಥಶಾಸ್ತ್ರದ ಲೆಕ್ಕದಲ್ಲಿ ಈ ಬ್ಯಾರೇಜ್ ಆಗಲೇಬಾರದಿತ್ತು. ಯಾಕಂದರೆ ನದಿಯಲ್ಲಿ ನಿಂತ ನೀರಿಗೆ ಬೇಲಿ ಹಾಕಲು ಬರುವುದಿಲ್ಲ. ರೊಕ್ಕ ಕೊಡದವನೂ ದಂಡೆಗೆ ಮೋಟರ್ ಇಟ್ಟುಕೊಳ್ಳಬಹುದು. ಜಾಣನಾದವನು 'ಬೇರೆಯವರು ಕೊಡಲಿ, ನೀರು ನನಗೂ ಬರುತ್ತದೆ' ಅಂತ ಸುಮ್ಮನಿರಬೇಕು. ಎಲ್ಲರೂ ಜಾಣರಾದರೆ ಬ್ಯಾರೇಜ್ ಇಲ್ಲ. ಆದರೂ ಆಯಿತು. ಯಾಕೆ? ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ಕೊಡದವನು ನಾಳೆ ಮದುವೆಗೆ ಬರಬೇಕು, ಜಾತ್ರೆಗೆ ಬರಬೇಕು. ಕೂಡಿಸಿದ ರೊಕ್ಕ ಸಿಮೆಂಟಾಗಿ ಕಣ್ಣೆದುರೇ ಏಳುತ್ತಿತ್ತು, ಎಲ್ಲಿ ಹೋಯಿತು ಅಂತ ಕೇಳಬೇಕಾಗಿರಲಿಲ್ಲ. ಕೆಟ್ಟರೆ ಕೈಸುಡುವುದು ತಮ್ಮದೇ. ಎಲಿನಾರ್ ಆಸ್ಟ್ರಂ ಅನ್ನುವ ಅಮೆರಿಕದ ವಿದ್ವಾಂಸೆ ಇಂಥ ಕೆರೆ, ಕಾಲುವೆ, ಮೀನುಗಾರಿಕೆಗಳನ್ನೇ ಜೀವಮಾನವೆಲ್ಲ ನೋಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಅವರು ಕಂಡದ್ದೂ ಇದನ್ನೇ: ಯಾರು ಒಳಗೆ ಯಾರು ಹೊರಗೆ ಅನ್ನುವುದು ಸ್ಪಷ್ಟವಾಗಿರಬೇಕು, ನಿಯಮ ಅಲ್ಲಿಯ ಜನರೇ ಮಾಡಿರಬೇಕು, ಕಾವಲು ಕಾಯುವವರು ಅವರೇ ಆಗಿರಬೇಕು, ತಪ್ಪಿದವನಿಗೆ ಸಣ್ಣದರಿಂದ ಶುರುಮಾಡಿ ದಂಡ ಇರಬೇಕು. ಇವಿಷ್ಟು ಇದ್ದಲ್ಲಿ ಎಲ್ಲರದೂ ಆದದ್ದು ಉಳಿಯುತ್ತದೆ.

ನಿಮ್ಮ ಅಪ್ಪನ ಮಾತು, 'ಎಲ್ಲರದೂ ಅಂದರೆ ಯಾರದೂ ಅಲ್ಲ' ಅನ್ನುವುದು, ಬ್ಯಾರೇಜಿನಲ್ಲಿ ಸುಳ್ಳಾಗಿ ಕಾರ್ಖಾನೆಯಲ್ಲಿ ನಿಜವಾಯಿತಲ್ಲ, ಅದು ಹೇಗೆ ಅನ್ನುವುದೇ ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ತಿರುಳು.

ಸಹಕಾರಿ ಸಕ್ಕರೆಯ ಕಥೆ ಚೆನ್ನಾಗಿಯೇ ಶುರುವಾಗಿತ್ತು. 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಾಲದ ಸಹಕಾರಿ ಸಂಘ ಕಟ್ಟಿದ್ದರು. ನಮ್ಮ ಕಡೆಗೆ ಸಹಕಾರ ಹೊಸದಲ್ಲ. 1950ರಲ್ಲಿ ಮಹಾರಾಷ್ಟ್ರದ ಪ್ರವರಾದಲ್ಲಿ ವಿಠ್ಠಲರಾವ್ ವಿಖೆ ಪಾಟೀಲರು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳರ ಜೊತೆಗೂಡಿ ರೈತರದೇ ಸಕ್ಕರೆ ಕಾರ್ಖಾನೆ ನಿಲ್ಲಿಸಿದರು. ಆಗ ಬೆಳಗಾವಿ, ವಿಜಯಪುರ ಎಲ್ಲ ಮುಂಬೈ ರಾಜ್ಯದಲ್ಲೇ ಇದ್ದವು. ಗಾಳಿ ಇತ್ತ ಬೀಸಿತು. ಸಂಕೇಶ್ವರದ ಹಿರಣ್ಯಕೇಶಿ ಅಂಥ ಹಳೆಯ ಕಾರ್ಖಾನೆ. ಬೆಲ್ಲದ ಗಾಣ ಬಿಟ್ಟರೆ ಖಾಸಗಿ ಮಾಲೀಕ ಅನ್ನುವ ಕಾಲದಲ್ಲಿ, ಕಬ್ಬು ಬೆಳೆದವನೇ ಶೇರು ಹಾಕಿ ಕಾರ್ಖಾನೆಯ ಒಡೆಯನಾದ. ಎಷ್ಟು ಶೇರಿದ್ದರೂ ಒಂದೇ ಓಟು. ಥಿಯರಿಯಲ್ಲಿ ಇದಕ್ಕಿಂತ ಚೆಂದ ಏನಿದೆ?

ಈಗ ವಾರ್ಷಿಕ ಸಭೆಗೆ ಬನ್ನಿ. ಇಂಥ ಸಭೆ ನೀವು ನೋಡಿಲ್ಲದಿದ್ದರೆ ಹೀಗಿರುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ. ಸಾವಿರಾರು ಶೇರುದಾರರು, ಬಾಗಿಲಲ್ಲಿ ಸಹಿ. ವೇದಿಕೆಯ ಮೇಲೆ ಚೇರ್ಮನ್ನರು, ಡೈರೆಕ್ಟರುಗಳು, ಹಾರ, ಶಾಲು. ಎಂ.ಡಿ. ಸಾಹೇಬರು ವರದಿ ಓದುತ್ತಾರೆ. ಲಾಭ ನಷ್ಟದ ಪಟ್ಟಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನಿಂದ 'ಮಂಜೂರ್, ಮಂಜೂರ್' ಅಂತ ಕೂಗು ಏಳುತ್ತದೆ. ಹಿಂದಿನಿಂದ ಯಾರೋ ಒಬ್ಬ ಎದ್ದು 'ಸ್ವಲ್ಪ ನಿಲ್ಲಿಸ್ರಿ, ಹ್ವಾದ ವರ್ಷದ ಸಾಲ ಎಲ್ಲಿ ತೋರಿಸೀರಿ?' ಅಂದರೆ ಮೈಕು ಅವನ ಕೈಗೆ ಬರುವುದೇ ಇಲ್ಲ. 'ಕೂಡ್ರಪಾ, ಆಮ್ಯಾಲ ಮಾತಾಡೂಣು.' ಆಮೇಲೆ ಊಟ. ವರದಿಯ ಪುಸ್ತಕವನ್ನು ಕುರ್ಚಿಯ ಮೇಲೇ ಬಿಟ್ಟು ಜನ ಊಟದ ಸಾಲಿಗೆ ಓಡುತ್ತಾರೆ.

ಅಲ್ಲಿ ಶೇರುದಾರರು ಸ್ವಾರ್ಥಿಗಳಾಗಿದ್ದಕ್ಕೆ ಕೆಟ್ಟಿತೋ, ಇನ್ನೂ ಸ್ವಲ್ಪ ಸ್ವಾರ್ಥಿಗಳಾಗಬೇಕಿತ್ತೋ? ಒಬ್ಬ ರೈತ ಇಡೀ ದಿನ ಕೂತು ಆಡಿಟ್ ವರದಿ ಓದಿ ಕಳ್ಳತನ ಹಿಡಿದರೆ ಲಾಭ ಹತ್ತು ಸಾವಿರ ಜನಕ್ಕೆ, ವೈರ ಮಾತ್ರ ಅವನೊಬ್ಬನಿಗೆ. ಮುಂದಿನ ಹಂಗಾಮಿನಲ್ಲಿ ಅವನ ಕಬ್ಬಿನ ಕಟಾವು ಯಾವಾಗ ಬರುತ್ತದೆ ಅನ್ನುವ ಹೆದರಿಕೆ ಬೇರೆ. ಈ ಕಟಾವಿನ ಪಾಳಿ ಹೊರಗಿನವರಿಗೆ ಕಾಣದ ದೊಡ್ಡ ಅಧಿಕಾರ. ನಾಟಿ ನೋಂದಣಿಯ ದಿನಾಂಕದ ಪ್ರಕಾರ ಕಡಿಯಬೇಕು ಅಂತ ಕಾಗದದಲ್ಲಿ ಇರುತ್ತದೆ. ಡೈರೆಕ್ಟರ ಬೀಗರ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗ್ ಮೊದಲು ಹೋದರೆ ಕೇಳುವವರು ಯಾರು? ನಿಮ್ಮ ಕಬ್ಬು ಹೊಲದಲ್ಲಿ ನಿಂತು ಸೂಲಂಗಿ (ಹೂ) ಬಿಟ್ಟು ತೂಕ ಇಳಿಯುತ್ತದೆ. ಕಡಿದ ಕಬ್ಬು ಟ್ರ್ಯಾಕ್ಟರಿನಲ್ಲಿ ಗೇಟಿನ ಮುಂದೆ ಎರಡು ದಿನ ನಿಂತರೆ ಒಣಗಿ ಇನ್ನಷ್ಟು ಹಗುರ. ಇಷ್ಟು ಗೊತ್ತಿದ್ದವನು ಮೈಕು ಕೇಳುತ್ತಾನೆಯೇ?

ನಷ್ಟ ಬಂದಾಗ ಇನ್ನೊಂದು ಆಟ. ಹಂಗೇರಿಯ ಯಾನೋಶ್ ಕೊರ್ನಾಯ್ ಅನ್ನುವ ಅರ್ಥಶಾಸ್ತ್ರಜ್ಞ ಸಮಾಜವಾದಿ ದೇಶದೊಳಗೇ ಬದುಕಿ, ಅದರ ಕಾರ್ಖಾನೆಗಳನ್ನು ಹತ್ತಿರದಿಂದ ನೋಡಿ ಒಂದು ಮಾತು ಹೇಳಿದರು. ಎಷ್ಟು ನಷ್ಟವಾದರೂ ಸರ್ಕಾರ ಬಂದು ತುಂಬಿಕೊಡುತ್ತದೆ ಅನ್ನುವ ಭರವಸೆ ಇದ್ದರೆ ಯಾರೂ ಲೆಕ್ಕ ನೋಡಿ ಖರ್ಚು ಮಾಡುವುದಿಲ್ಲ. ನಮ್ಮ ಸಹಕಾರಿ ಕಾರ್ಖಾನೆಗಳಿಗೆ ಸರ್ಕಾರದ ಗ್ಯಾರಂಟಿಯ ಮೇಲೆ ಸಾಲ ಬಂತು, ಸಾಲ ತೀರಿಸಲು ಇನ್ನೊಂದು ಸಾಲ ಬಂತು. ಕೊನೆಗೆ ರಾಜ್ಯದಲ್ಲಿ ಹಲವು ಕಾರ್ಖಾನೆಗಳು ಖಾಸಗಿಯವರಿಗೆ ಲೀಸಿಗೆ ಹೋದವು. ರೈತನ ಶೇರು ಸರ್ಟಿಫಿಕೇಟು ಮನೆಯ ಟ್ರಂಕಿನಲ್ಲೇ ಇದೆ. ಕಾರ್ಖಾನೆ ನಡೆಸುವವರು ಬೇರೆ.

ಇದನ್ನು ಕೇಳಿ 'ಹಾಗಾದರೆ ಖಾಸಗಿಯೇ ಸರಿ' ಅಂತ ಬರೆಯಬೇಡಿ. ಕಬ್ಬಿನ ಬಿಲ್ ಬಾಕಿ ಇಟ್ಟುಕೊಳ್ಳುವುದರಲ್ಲಿ ಖಾಸಗಿಯವರೂ ಹಿಂದೆ ಬಿದ್ದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು. ಆ ಬಡ್ಡಿ ಕೈಗೆ ಬಂದ ರೈತರನ್ನು ಎಣಿಸಲು ಜಾಸ್ತಿ ಬೆರಳು ಬೇಕಾಗಲಿಕ್ಕಿಲ್ಲ. ಇನ್ನೂ ತಮಾಷೆ ಅಂದರೆ ಸಕ್ಕರೆ ಉದ್ಯಮದಲ್ಲಿ ಪೂರ್ತಿ ಪೇಟೆ ಅನ್ನುವುದೇ ಇಲ್ಲ. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ದಿಲ್ಲಿಯಲ್ಲಿ ನಿಗದಿಯಾಗುತ್ತದೆ. 2025-26ರ ಹಂಗಾಮಿಗೆ ಶೇಕಡಾ 10.25 ರಿಕವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲಿಗೆ) ಕ್ವಿಂಟಲಿಗೆ 355 ರೂಪಾಯಿ ಆಗಿತ್ತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು ದಿಲ್ಲಿಯೇ 2019ರಲ್ಲಿ ಕೆಜಿಗೆ 31 ರೂಪಾಯಿ ಮಾಡಿತು. ತಿಂಗಳಿಗೆ ಎಷ್ಟು ಸಕ್ಕರೆ ಮಾರಬೇಕು, ರಫ್ತು ಬಿಡಬೇಕೋ ಬೇಡವೋ, ಎಥೆನಾಲ್ ರೇಟು ಎಷ್ಟು, ಎಲ್ಲ ಅಲ್ಲಿಯದೇ. ಮಾಲೀಕ ಖಾಸಗಿ, ಬೆಲೆ ಸರ್ಕಾರದ್ದು, ನಷ್ಟದ ಹೊರೆ ಕೊನೆಗೆ ಬಾಕಿಯ ರೂಪದಲ್ಲಿ ರೈತನದು. ಇದನ್ನು ಬಂಡವಾಳಶಾಹಿ ಅನ್ನಬೇಕೋ ಸಮಾಜವಾದ ಅನ್ನಬೇಕೋ, ನಿಮ್ಮ ಕೋಚಿಂಗ್ ಸರ್ ಅವರನ್ನೇ ಕೇಳಿ ನೋಡಿ!

ನಮ್ಮಲ್ಲೇ ಇನ್ನೊಂದು ಉದಾಹರಣೆ ಹುಕ್ಕೇರಿಯದು. 1969ರಲ್ಲಿ ಶುರುವಾದ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇವತ್ತಿಗೂ ತಾಲೂಕಿಗೆ ಕರೆಂಟು ಹಂಚುತ್ತಿದೆ. ದೇಶದಲ್ಲಿ ಆಗ ಹುಟ್ಟಿದ ಇಂಥ ಸಂಘಗಳು ಐದು. ಬಳಕೆದಾರರೇ ಸದಸ್ಯರು. ಚುನಾವಣೆ ಬಂದರೆ ವಿಧಾನಸಭೆ ಚುನಾವಣೆಯಷ್ಟೇ ಜೋರು, ಘಟಾನುಘಟಿಗಳೆಲ್ಲ ಪ್ಯಾನೆಲ್ ಹಾಕಿ ಇಳಿಯುತ್ತಾರೆ. ಅದರಲ್ಲಿ ರಾಜಕೀಯ ಇಲ್ಲ ಅಂದರೆ ಸುಳ್ಳು. ದರ ನಿಗದಿಪಡಿಸುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಪಂಪ್‌ಸೆಟ್ಟಿನ ಸಬ್ಸಿಡಿ ಬರುವುದು ಸರ್ಕಾರದಿಂದ. ಹಾಗಾಗಿ ಪೂರ್ತಿ ಸ್ವತಂತ್ರ ಅಂತಲೂ ಅಲ್ಲ. ಆದರೂ ಅದು ಉಳಿದದ್ದಕ್ಕೆ ಒಂದು ಕಾರಣ ನನಗೆ ಕಾಣುತ್ತದೆ. ಕರೆಂಟು ಹೋದರೆ ಹೋಯಿತು ಅಂತ ಪ್ರತಿಯೊಬ್ಬನಿಗೂ ಆ ಕ್ಷಣವೇ ಗೊತ್ತಾಗುತ್ತದೆ. ಆಡಿಟ್ ವರದಿ ಓದಬೇಕಾಗಿಲ್ಲ. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಆಫೀಸಿನ ಮುಂದೆ ಹೋಗಿ ಕೂಗಬಹುದು, ಆಫೀಸು ಹುಕ್ಕೇರಿಯಲ್ಲೇ ಇದೆ.

ಹೊರಗಿನ ಎರಡು ಉದಾಹರಣೆ ಬೇಗ ಹೇಳಿಬಿಡುತ್ತೇನೆ. ಇಸ್ರೇಲಿನ ಕಿಬ್ಬುತ್ಸ್ ಊರುಗಳಲ್ಲಿ ಆಸ್ತಿ, ಅಡುಗೆಮನೆ, ಸಂಬಳ ಎಲ್ಲ ಒಟ್ಟಿಗೇ ಇತ್ತು. ಮೊದಲನೆಯದು 1910ರ ಡೆಗಾನಿಯಾ. ಎಪ್ಪತ್ತು ವರ್ಷ ಚೆನ್ನಾಗಿ ನಡೆಯಿತು. 1980ರ ದಶಕದ ಸಾಲದ ಹೊಡೆತಕ್ಕೆ ಸಿಕ್ಕು ಮುಂದೆ ಬಹುಪಾಲು ಊರುಗಳು ಬೇರೆಬೇರೆ ಸಂಬಳಕ್ಕೆ ತಿರುಗಿದವು. ಅಲ್ಲಿ ಯಾರನ್ನೂ ಕಟ್ಟಿಹಾಕಿರಲಿಲ್ಲ, ಬೇಡವಾದವರು ಬಿಟ್ಟುಹೋಗಬಹುದಿತ್ತು. ಸೋವಿಯತ್ ಸಾಮೂಹಿಕ ಹೊಲಕ್ಕೂ ಇದಕ್ಕೂ ಅದೇ ದೊಡ್ಡ ವ್ಯತ್ಯಾಸ. ಇನ್ನೊಂದು ಸ್ಪೇನಿನ ಬಾಸ್ಕ್ ನಾಡಿನ ಮೊಂಡ್ರಾಗನ್. 1956ರಲ್ಲಿ ಒಬ್ಬ ಪಾದ್ರಿಯ ಶಿಷ್ಯರು ಕಟ್ಟಿದ, ಕೆಲಸಗಾರರೇ ಒಡೆಯರಾದ ಕಂಪನಿಗಳ ಗುಂಪು. ಫ್ರಿಜ್, ಒಲೆ ಮಾಡುವ ಅವರ ಫಾಗೋರ್ ಕಂಪನಿ ನಷ್ಟಕ್ಕೆ ಬಿದ್ದಾಗ ಉಳಿದ ಸಂಘಗಳು ಒಂದು ಹಂತದವರೆಗೆ ದುಡ್ಡು ಕೊಟ್ಟು, 2013ರಲ್ಲಿ ಇನ್ನು ಕೊಡುವುದಿಲ್ಲ ಅಂದವು. ಕಂಪನಿ ಮುಳುಗಿತು. ಆದರೆ ಅದರ ಸದಸ್ಯರಲ್ಲಿ ಅನೇಕರಿಗೆ ಬೇರೆ ಸಂಘಗಳಲ್ಲಿ ಕೆಲಸ ಹುಡುಕಿಕೊಟ್ಟರು. ಕಾರ್ಖಾನೆಯನ್ನು ಸಾಯಲು ಬಿಟ್ಟು ಮನುಷ್ಯರನ್ನು ಉಳಿಸಿಕೊಂಡರು. ನಾವು ಇದರ ತಿರುಗಾಮುರುಗಾ ಮಾಡುತ್ತೇವೆ. ಕಾರ್ಖಾನೆಯ ಬೋರ್ಡು ಉಳಿಸಲು ಕೋಟಿ ಸುರಿಯುತ್ತೇವೆ, ಕೆಲಸಗಾರನ ಪಿ.ಎಫ್. ಬಾಕಿ ಹಾಗೇ ಇರುತ್ತದೆ.

ಕೆಲಸಗಾರನ ಮಾತು ಬಂತಲ್ಲ. ನಮ್ಮ ಸಹಕಾರಿ ಸಕ್ಕರೆಯನ್ನು ಸಮಾಜವಾದ ಅಂತ ಕರೆಯಲು ನನಗೆ ಅಡ್ಡಬರುವುದು ಇಲ್ಲಿಯೇ. ಕಬ್ಬು ಕಡಿಯುವ ಗ್ಯಾಂಗಿನವರು ಯಾರು? ವಿಜಯಪುರದ ಒಣ ಬೇಸಾಯದ ಹಳ್ಳಿಗಳಿಂದ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಮುಂಗಡ ಪಡೆದು ಬಂದವರು. ಗಂಡ ಹೆಂಡತಿ ಸೇರಿ ಒಂದು ಜೋಡಿ, ಅವರ ಲೆಕ್ಕ ಮುಕಾದಮನ (ಗ್ಯಾಂಗ್ ಕರೆತರುವ ಮೇಸ್ತ್ರಿಯ) ವಹಿಯಲ್ಲಿ. ಆರು ತಿಂಗಳು ಕಾರ್ಖಾನೆಯ ಬದಿಯಲ್ಲಿ ಗುಡಿಸಲು, ಮಕ್ಕಳ ಶಾಲೆ ಅಲ್ಲಿಗೇ ನಿಂತಿತು. ಅವರಿಗೆ ಶೇರು ಇಲ್ಲ, ಓಟು ಇಲ್ಲ, ಸಭೆಯ ಊಟವೂ ಇಲ್ಲ. ಹೊಲ ಇದ್ದವನು ಮಾತ್ರ ಸದಸ್ಯ. ಅದರಲ್ಲೂ ಪಹಣಿ ಗಂಡಸರ ಹೆಸರಲ್ಲೇ ಜಾಸ್ತಿ ಇರುವುದರಿಂದ ಶೇರೂ ಅವರ ಹೆಸರಲ್ಲೇ. ನಿಮ್ಮ ತಾಯಿಯ ಹೆಸರಲ್ಲಿ ಒಂದು ಶೇರು ಇದೆಯೇ, ಕೇಳಿ ನೋಡಿ. ಇದು ಹೊಲದೊಡೆಯರ ಸಂಘ. ಅದು ತಪ್ಪಲ್ಲ, ಆದರೆ ದುಡಿಯುವವನೇ ಒಡೆಯ ಅನ್ನುವ ಪರೀಕ್ಷೆಯನ್ನು ಅದು ಬರೆದೇ ಇಲ್ಲ. ಬರೆದವರು ಬೇರೆ ಕಡೆ ಇದ್ದಾರೆ. ಕೇರಳದ ವಡಗರ ಹತ್ತಿರ 1925ರಲ್ಲಿ ಕೂಲಿಕಾರರು ಸೇರಿ ಕಟ್ಟಿಕೊಂಡ ಊರಾಳುಂಗಲ್ ಕಾರ್ಮಿಕ ಸಂಘ ಇವತ್ತು ಹೆದ್ದಾರಿ, ಸೇತುವೆಗಳ ಗುತ್ತಿಗೆ ಹಿಡಿಯುತ್ತದೆ.

'ಈಗ ಕಂಪ್ಯೂಟರ್ ಇದೆಯಲ್ಲ, ಎಲ್ಲ ಲೆಕ್ಕ ಅದೇ ಮಾಡುತ್ತದೆ, ಇನ್ನು ಸಮಾಜವಾದ ನಡೆಯಬಹುದು' ಅನ್ನುವ ವಾದವೂ ಓದುವಾಗ ನಿಮಗೆ ಸಿಗುತ್ತದೆ. ಚಿಲಿಯಲ್ಲಿ ಸಮಾಜವಾದಿ ಅಧ್ಯಕ್ಷ ಅಯೆಂದೆ ಅವರ ಸರ್ಕಾರ 1971ರಲ್ಲೇ ಸೈಬರ್‌ಸಿನ್ ಅಂತ ಹೆಸರಿಟ್ಟು ಟೆಲೆಕ್ಸ್ ಮೂಲಕ ಕಾರ್ಖಾನೆಗಳನ್ನು ಜೋಡಿಸಲು ಹೊರಟಿತ್ತು. 1973ರ ಸೇನಾ ದಂಗೆಯಲ್ಲಿ ಎಲ್ಲ ಮುಗಿಯಿತು, ಹಾಗಾಗಿ ಅದು ಗೆದ್ದಿತು ಸೋತಿತು ಅಂತ ತೀರ್ಪು ಕೊಡಲು ಬರುವುದಿಲ್ಲ. ಲೆಕ್ಕ ಕಂಪ್ಯೂಟರ್ ಮಾಡಬಹುದು, ನಿಜ. ಆದರೆ ಕಾರ್ಖಾನೆಗಳಲ್ಲಿ ಈಗ ಎಲೆಕ್ಟ್ರಾನಿಕ್ ಕಾಟಾ (ತೂಕದ ಯಂತ್ರ) ಇದೆ, ತೂಕದ ಜಗಳ ನಿಂತಿದೆಯೇ? ಅಂಕಿಯನ್ನು ಯಂತ್ರಕ್ಕೆ ಕೊಡುವ ಕೈ ಯಾರದು, ಅದನ್ನು ಪರೀಕ್ಷೆ ಮಾಡಿಸುವ ಹಕ್ಕು ರೈತನಿಗೆ ಇದೆಯೇ ಅನ್ನುವುದು ಯಂತ್ರದ ಪ್ರಶ್ನೆ ಅಲ್ಲ.

ಪರೀಕ್ಷೆಯಲ್ಲಿ ಏನು ಬರೆಯಬೇಕು ಅಂತ ಕೇಳಿದರೆ, ಸ್ವಾರ್ಥದ ಸಾಲನ್ನು ಬಿಟ್ಟುಬಿಡಿ. ದೇಶವನ್ನೆಲ್ಲ ಒಂದೇ ಮೇಜಿನಿಂದ ನಡೆಸುವ ಸಮಾಜವಾದಕ್ಕೆ ಬೆಲೆಯ ತಿಳಿವಳಿಕೆ ಸಿಗಲಿಲ್ಲ, ತಪ್ಪು ಹೇಳುವವರ ಬಾಯಿಯೂ ಕಟ್ಟಿತ್ತು ಅಂತ ಬರೆಯಿರಿ. ಜನರೇ ಒಡೆಯರಾದ ಸಂಘ ಲೆಕ್ಕ ಕಾಣುವವರೆಗೆ, ನಷ್ಟ ತಮ್ಮದೇ ಆಗಿರುವವರೆಗೆ, ಚೇರ್ಮನ್ನನ್ನು ಇಳಿಸಲು ಸಾಧ್ಯವಿರುವವರೆಗೆ ನಡೆಯುತ್ತದೆ ಅಂತ ಬರೆದು ಬ್ಯಾರೇಜ್ ಮತ್ತು ಕಾರ್ಖಾನೆ ಎರಡನ್ನೂ ಉದಾಹರಣೆ ಕೊಡಿ. ಸಂವಿಧಾನದ ಪೀಠಿಕೆಗೆ 'ಸಮಾಜವಾದಿ' ಪದ ಸೇರಿಸಿದ 1976ರ 42ನೇ ತಿದ್ದುಪಡಿ, 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ, 1991ರ ಆರ್ಥಿಕ ಉದಾರೀಕರಣ ಇವು ಹೇಗೂ ನಿಮ್ಮ ನೋಟ್ಸಿನಲ್ಲಿ ಇರುತ್ತವೆ.

ಅಪ್ಪನಿಗೊಂದು ಕೆಲಸ ಹೇಳಿ. ವಾರ್ಷಿಕ ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಇರುತ್ತದೆ. ನೋಟಿಸಿನ ಜೊತೆ ಬರುವ ವರದಿಯನ್ನು ನೀವೇ ಕೂತು ಓದಿ, ಅರ್ಥಶಾಸ್ತ್ರ ಓದಿದವರಿಗೆ ಅದು ಕಷ್ಟವಲ್ಲ. ಬಡ್ಡಿಗೆ ಹೋದ ಖರ್ಚು ಎಷ್ಟು, ಪಕ್ಕದ ಕಾರ್ಖಾನೆಗಿಂತ ರಿಕವರಿ ಕಡಿಮೆ ಯಾಕೆ, ಆಡಿಟರ್ ಆಕ್ಷೇಪ ಏನು ಬರೆದಿದ್ದಾರೆ, ಅದಕ್ಕೆ ಆಡಳಿತ ಮಂಡಳಿಯ ಉತ್ತರ ಏನು ಅಂತ ನೋಡಿ. ಸದಸ್ಯರಲ್ಲದವರಿಗೆ ಸಭೆಯಲ್ಲಿ ಮಾತಾಡಲು ಬಿಡುವುದಿಲ್ಲ. ಪ್ರಶ್ನೆಗಳನ್ನು ಬರೆದು ಅಪ್ಪನ ಸಹಿ ಹಾಕಿಸಿ, ಸಭೆಗೆ ವಾರದ ಮುಂಚೆಯೇ ಕಚೇರಿಗೆ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಳ್ಳಿ. ಪಕ್ಕದ ಹೊಲದ ನಾಲ್ಕು ಜನ ಶೇರುದಾರರ ಸಹಿಯೂ ಸಿಕ್ಕರೆ ಇನ್ನೂ ಒಳ್ಳೆಯದು, ಒಬ್ಬರ ಮೇಲೇ ವೈರ ಬರುವುದಿಲ್ಲ.